ಓಡಿಹೋಗುವವರಿಗೂ ಒಂದು ಸಾಕ್ಷಿ ಬೇಕು

ನಮ್ಮ ಊರ ಕಡೆ 'ಓಡಿಹೋದಳಂತೆ' ಎಂಬ ಮಾತನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ. ಬಾವಿಕಟ್ಟೆಯ ಹತ್ತಿರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಅಕ್ಕಪಕ್ಕ ನೋಡಿ ಹೇಳುವ ಮಾತು ಅದು. ಓಡಿಹೋದವರು ಯಾವುದೋ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು, ಒಂದೆರಡು ವರ್ಷ ಊರ ಕಡೆ ತಲೆ ಹಾಕದೆ, ಮೊದಲ ಮಗುವಾದ ಮೇಲೆ ಮೆಲ್ಲಗೆ ಹಿತ್ತಲ ಬಾಗಿಲಿನಿಂದ ಬಂದು ಸೇರಿಕೊಳ್ಳುತ್ತಿದ್ದರು. ಅಜ್ಜಿಯಾದವಳು ಮಗುವಿನ ಮುಖ ನೋಡಿ ಎರಡು ಹನಿ ಕಣ್ಣೀರು ಹಾಕಿದರೆ ಕಥೆ ಮುಗಿಯಿತು.

ಈಗಿನ ಮಕ್ಕಳು ಅದೇ ಕೆಲಸವನ್ನು ಒಂದು ವರ್ಷ ಮೊದಲೇ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ಅಪ್ಪ ಅಮ್ಮನ ಎದುರಿಗೇ ಪ್ಲಾನ್ ಮಾಡುತ್ತಾರೆ. ಅದಕ್ಕೆ 'ಇಲೋಪ್‌ಮೆಂಟ್' ಎಂದೇ ಹೆಸರು. ಯಾರ ಕಣ್ಣು ತಪ್ಪಿಸಿಯೂ ಅಲ್ಲ, ಯಾರ ವಿರೋಧವೂ ಇಲ್ಲ. ಹುಡುಗ, ಹುಡುಗಿ, ಮದುವೆ ಮಾಡಿಸುವ ಒಬ್ಬರು, ಫೋಟೋ ತೆಗೆಯುವ ಒಬ್ಬರು, ಇಷ್ಟೇ ಜನ ಯಾವುದೋ ಬೆಟ್ಟದ ತುದಿಗೋ ಸಮುದ್ರದ ದಂಡೆಗೋ ಹೋಗಿ ಮದುವೆಯಾಗಿ ಬರುವುದು. ನಮ್ಮ ಮಗಳು ಆರಿಸಿಕೊಂಡಿರುವುದು ಮರುಭೂಮಿಯನ್ನು. ಅಮೆರಿಕದ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ, ಬರುವ ಏಪ್ರಿಲ್‌ನಲ್ಲಿ.

ಹುಡುಗ ಲೀಡ್ಸ್‌ನವನು, ಅಪ್ಪಟ ಯಾರ್ಕ್‌ಶೈರಿನವನು. ಲ್ಯಾಂಕಶೈರ್ ಯಾರ್ಕ್‌ಶೈರ್‌ಗಳ ಹಳೆಯ ಜಗಳ ಗೊತ್ತಿದ್ದವರಿಗೆ ನಮ್ಮ ಪಾಲಿಗೆ ಅಂತರ್ಜಾತೀಯ ವಿವಾಹ ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ! ಒಳ್ಳೆಯ ಹುಡುಗ. ಬಿಸಿಬೇಳೆಭಾತ್ ಎರಡು ಸಲ ಹಾಕಿಸಿಕೊಳ್ಳುತ್ತಾನೆ. ನನ್ನನ್ನು 'ಆಂಟಿ' ಎಂದು ಕರೆಯುವುದನ್ನು ಯಾರೂ ಹೇಳಿಕೊಡದೆ ಕಲಿತಿದ್ದಾನೆ. ಹಾಗಾಗಿ ಈ ಮದುವೆಗೆ ನಮ್ಮ ಮನೆಯಲ್ಲಿ 'ಬೇಡ' ಎಂದವರು ಯಾರೂ ಇಲ್ಲ. 'ಹಾಗಿದ್ದರೆ ಓಡಿಹೋಗುವುದು ಏತಕ್ಕೆ?' ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ.

"ಅಮ್ಮ, ನಿಮ್ಮಿಂದ ಅಲ್ಲ, ಗೆಸ್ಟ್ ಲಿಸ್ಟಿನಿಂದ ಓಡಿಹೋಗ್ತಾ ಇದೀನಿ" ಎಂದಳು.

ಅವಳ ಮಾತಿನಲ್ಲಿ ಸುಳ್ಳಿಲ್ಲ. ಫಾಲೋಫೀಲ್ಡಿನ ನಮ್ಮ ಸಾಲುಮನೆಯಲ್ಲಿ ಒಂದು ರಾತ್ರಿ ನಾನು, ನಮ್ಮ ಯಜಮಾನರು ಕೂತು 'ಕರೆಯಲೇಬೇಕಾದವರ' ಪಟ್ಟಿ ಬರೆಯಲು ಹೊರಟೆವು. ಪಕ್ಕದ ಮನೆಯ ವಿದ್ಯಾರ್ಥಿಗಳ ಪಾರ್ಟಿ ನಡುರಾತ್ರಿ ಮುಗಿಯಿತು, ನಮ್ಮ ಪಟ್ಟಿ ಮುಗಿಯಲಿಲ್ಲ. ಕನ್ನಡ ಬಳಗದವರು, ಯಜಮಾನರ ಆಸ್ಪತ್ರೆಯವರು, ಮಗಳು ಚಿಕ್ಕವಳಿದ್ದಾಗ ಅವಳನ್ನು ನೋಡಿಕೊಂಡವರು, ಬರ್ಮಿಂಗ್‌ಹ್ಯಾಮಿನ ಚಿಕ್ಕಪ್ಪನ ಮನೆಯವರು, ನಮ್ಮನ್ನು ತಮ್ಮ ಮಕ್ಕಳ ಮದುವೆಗೆ ಕರೆದವರು... ಇನ್ನೂರ ಎಂಬತ್ತಕ್ಕೆ ಬಂದಾಗ ಯಜಮಾನರು ಪೆನ್ನು ಕೆಳಗಿಟ್ಟರು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ವಿಲ್ಮ್‌ಸ್ಲೋ ರಸ್ತೆಯಲ್ಲಿ ಹಾಲ್ ಬುಕ್ ಮಾಡಿ ನೋಡಿರಲಿಲ್ಲ ಅಷ್ಟೆ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಇಷ್ಟು ವರ್ಷ ಇದ್ದ ನಮಗೆ ಓಡಿಹೋಗುವ ಮದುವೆ ಹೊಸದೇನಲ್ಲ. ಲೇಕ್ ಡಿಸ್ಟ್ರಿಕ್ಟ್ ದಾಟಿ ಸ್ಕಾಟ್ಲೆಂಡಿಗೆ ಕಾರಿನಲ್ಲಿ ಹೋದವರೆಲ್ಲ ಗ್ರೆಟ್ನಾ ಗ್ರೀನ್‌ನಲ್ಲಿ ಇಳಿದು ಕಾಫಿ ಕುಡಿದಿರುತ್ತೀರಿ. ಗಡಿ ದಾಟಿದ ಕೂಡಲೇ ಸಿಗುವ ಹಳ್ಳಿ. ಅಲ್ಲಿನ ಕಮ್ಮಾರಸಾಲೆ, ಅಡಿಗಲ್ಲು, ಅದರ ಮುಂದೆ ಫೋಟೋ. ನಾವೂ ತೆಗೆಸಿಕೊಂಡಿದ್ದೇವೆ. ಅದರ ಹಿಂದಿನ ಕಥೆ ಹೀಗಿದೆ. 1753ರಲ್ಲಿ ಲಾರ್ಡ್ ಹಾರ್ಡ್‌ವಿಕ್ ತಂದ ಕಾನೂನು 1754ರ ಮಾರ್ಚ್ 25ರಿಂದ ಜಾರಿಗೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮದುವೆ ಚರ್ಚಿನಲ್ಲೇ, ಮೊದಲೇ ಸಾರ್ವಜನಿಕವಾಗಿ ಸಾರಿ ಅಥವಾ ಲೈಸೆನ್ಸ್ ಪಡೆದು ಆಗಬೇಕು. ಲೈಸೆನ್ಸ್ ಪಡೆದು ಮದುವೆಯಾಗುವವರು ಇಪ್ಪತ್ತೊಂದಕ್ಕಿಂತ ಚಿಕ್ಕವರಾದರೆ ಹೆತ್ತವರ ಒಪ್ಪಿಗೆ ಬೇಕು. ಯೆಹೂದಿಗಳಿಗೆ ಮತ್ತು ಕ್ವೇಕರ್ ಪಂಥದವರಿಗೆ ಮಾತ್ರ ವಿನಾಯಿತಿ. ಸ್ಕಾಟ್ಲೆಂಡಿಗೆ ಈ ಕಾನೂನು ಅನ್ವಯಿಸಲಿಲ್ಲ. ಅಲ್ಲಿ ಹುಡುಗನಿಗೆ ಹದಿನಾಲ್ಕು, ಹುಡುಗಿಗೆ ಹನ್ನೆರಡು ಆದರೆ ಸಾಕಾಗಿತ್ತು. ಹೆತ್ತವರನ್ನು ಕೇಳುವ ಅಗತ್ಯವಿರಲಿಲ್ಲ. ಇಬ್ಬರು ಸಾಕ್ಷಿಗಳ ಎದುರು 'ನಾವು ಗಂಡ ಹೆಂಡತಿ' ಎಂದರೆ ಮದುವೆ. ಅದನ್ನು ಯಾರು ಬೇಕಾದರೂ ನಡೆಸಿಕೊಡಬಹುದಿತ್ತು. ಹೀಗೆ ನಡೆಸಿಕೊಡುತ್ತಿದ್ದವರಿಗೆ 'ಅಡಿಗಲ್ಲಿನ ಪುರೋಹಿತರು' ಎಂದು ಹೆಸರು ಬಿತ್ತು.

1856ರಲ್ಲಿ ಇದಕ್ಕೆ ಕಡಿವಾಣ ಬಿತ್ತು. ಇಬ್ಬರಲ್ಲಿ ಒಬ್ಬರಾದರೂ ಇಪ್ಪತ್ತೊಂದು ದಿನ ಸ್ಕಾಟ್ಲೆಂಡಿನಲ್ಲಿ ವಾಸವಾಗಿರಬೇಕು ಎಂದು ಹೊಸ ಕಾನೂನು ಮಾಡಿದರು. ಬೆನ್ನಟ್ಟಿ ಬರುವ ಅಪ್ಪನಿಗೆ ಇಪ್ಪತ್ತೊಂದು ದಿನ ಧಾರಾಳವಾಯಿತು ಅನ್ನಿ. 1940ರ ಜುಲೈ 1ರಿಂದ ಅಡಿಗಲ್ಲಿನ ಮುಂದಿನ ಆ ಬಾಯಿಮಾತಿನ ಮದುವೆಗಳು ಕಾನೂನಿನ ದೃಷ್ಟಿಯಲ್ಲಿ ಇಲ್ಲವಾದವು. ಆದರೂ ಇಂದಿಗೂ ವರ್ಷಕ್ಕೆ ಸಾವಿರಾರು ಜೋಡಿಗಳು ಅಲ್ಲಿಗೆ ಹೋಗಿ, ನೋಟಿಸ್ ಕೊಟ್ಟು ಕ್ರಮಬದ್ಧವಾಗಿ ಮದುವೆಯಾಗುತ್ತಾರೆ.

ಈ ಗ್ರೆಟ್ನಾ ಕಥೆಯಲ್ಲಿ ನಮ್ಮ ಮ್ಯಾಂಚೆಸ್ಟರಿಗೂ ಒಂದು ಪಾತ್ರವಿದೆ, ಅಷ್ಟೇನೂ ಹೆಮ್ಮೆಯದಲ್ಲ. ಮಕ್ಕಳನ್ನು ಕರೆದುಕೊಂಡು ಡಿಸ್ಲಿ ಹತ್ತಿರದ ಲೈಮ್ ಪಾರ್ಕಿಗೆ ನೀವೆಲ್ಲ ಹೋಗಿರುತ್ತೀರಿ. 1995ರ ಬಿಬಿಸಿಯ 'ಪ್ರೈಡ್ ಅಂಡ್ ಪ್ರೆಜುಡಿಸ್' ಧಾರಾವಾಹಿಯಲ್ಲಿ ಡಾರ್ಸಿಯ ಅರಮನೆಯೆಂದು ಹೊರಗಿನಿಂದ ತೋರಿಸಿದ್ದು ಅದನ್ನೇ. ಆ ಕಾದಂಬರಿಯಲ್ಲೂ ಲಿಡಿಯಾ ಎಂಬ ತಂಗಿ ಓಡಿಹೋಗುತ್ತಾಳೆ, ಗ್ರೆಟ್ನಾ ಗ್ರೀನ್‌ನ ಹೆಸರೂ ಬರುತ್ತದೆ. ಆದರೆ ಲೈಮ್‌ಗೆ ಸೊಸೆಯಾಗಿ ಬಂದ ಒಬ್ಬ ನಿಜವಾದ ಹುಡುಗಿಯ ಕಥೆ ಕಾದಂಬರಿಯನ್ನೂ ಮೀರಿಸುವಂಥದು. ಎಲೆನ್ ಟರ್ನರ್ ಅವಳ ಹೆಸರು. ಮ್ಯಾಕಲ್ಸ್‌ಫೀಲ್ಡ್ ಬಳಿಯ ಶ್ರಿಗ್ಲಿಯ ಶ್ರೀಮಂತ ಗಿರಣಿ ಮಾಲೀಕನ ಒಬ್ಬಳೇ ಮಗಳು, ಲಿವರ್‌ಪೂಲಿನ ಶಾಲೆಯಲ್ಲಿ ಓದುತ್ತಿದ್ದಳು. 1826ರ ಮಾರ್ಚ್‌ನಲ್ಲಿ, ಅವಳಿಗೆ ಹದಿನೈದು ವರ್ಷ, 'ನಿನ್ನ ತಾಯಿಗೆ ಸೀರಿಯಸ್' ಎಂದು ಸುಳ್ಳು ಕಾಗದ ಕೊಟ್ಟು ಗಾಡಿಯಲ್ಲಿ ಕೂರಿಸಿಕೊಂಡು ಮ್ಯಾಂಚೆಸ್ಟರಿಗೆ ಕರೆತಂದರು. ಇಲ್ಲಿಯ ಹೋಟೆಲಿನಲ್ಲಿ ಅವಳಿಗಾಗಿ ಕಾಯುತ್ತಿದ್ದವನು ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡ್, ಮೂವತ್ತರ ಆಸುಪಾಸಿನ ವಿಧುರ. ಅವಳು ಅದುವರೆಗೆ ಅವನ ಮುಖ ನೋಡಿದವಳಲ್ಲ. ನಿನ್ನಪ್ಪ ದಿವಾಳಿಯಾಗಿದ್ದಾರೆ, ನನ್ನನ್ನು ಮದುವೆಯಾದರೆ ಮಾತ್ರ ಅವರನ್ನು ಉಳಿಸಬಹುದು ಎಂದು ನಂಬಿಸಿ, ಗ್ರೆಟ್ನಾಕ್ಕೆ ಕರೆದೊಯ್ದು ಮದುವೆಯಾದ. ಅಲ್ಲಿಂದ ಫ್ರಾನ್ಸಿನ ಕ್ಯಾಲೆಗೆ. ಹುಡುಗಿಯ ಚಿಕ್ಕಪ್ಪಂದಿರು ಅಲ್ಲಿಯವರೆಗೂ ಹೋಗಿ ಅವಳನ್ನು ಬಿಡಿಸಿ ತಂದರು. 1827ರಲ್ಲಿ ಲ್ಯಾಂಕಸ್ಟರಿನಲ್ಲಿ ವಿಚಾರಣೆಯಾಗಿ ವೇಕ್‌ಫೀಲ್ಡನಿಗೆ ಮೂರು ವರ್ಷ ಸೆರೆಯಾಯಿತು. ಪಾರ್ಲಿಮೆಂಟೇ ಕಾನೂನು ಮಾಡಿ ಆ ಮದುವೆಯನ್ನು ರದ್ದು ಮಾಡಿತು. ಅವನು ಆಮೇಲೆ ನ್ಯೂಜಿಲೆಂಡಿನ ವಸಾಹತು ಕಟ್ಟಿದವರಲ್ಲಿ ಒಬ್ಬನೆಂದು ದೊಡ್ಡ ಮನುಷ್ಯನೂ ಆದ. ಹುಡುಗಿ ಲೈಮ್‌ನ ಯಜಮಾನ ಥಾಮಸ್ ಲೀಯನ್ನು ಮದುವೆಯಾಗಿ, 1831ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಹತ್ತೊಂಬತ್ತು ವರ್ಷ.

ಇದನ್ನು ಇಷ್ಟು ಉದ್ದಕ್ಕೆ ಏಕೆ ಹೇಳಿದೆನೆಂದರೆ, ಗ್ರೆಟ್ನಾದಲ್ಲೂ ಆ ದಿನ ಇಬ್ಬರು ಸಾಕ್ಷಿಗಳಿದ್ದರು. ಕಾನೂನಿಗೆ ಬೇಕಾದದ್ದೆಲ್ಲ ಇತ್ತು. ಆದರೆ 'ಮಗೂ, ನಿನಗೆ ಇದು ಇಷ್ಟವೇನಮ್ಮ?' ಎಂದು ಕೇಳುವವರು ಆ ಸಾಕ್ಷಿಗಳಲ್ಲಿ ಯಾರೂ ಇರಲಿಲ್ಲ. ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಕಥೆಗೆ ಬರುತ್ತೇನೆ. 'ಮರುಭೂಮಿಗೆ ಅಷ್ಟು ದೂರ ಏಕೆ? ಬಯಲೇ ಬೇಕಾದರೆ ಪೀಕ್ ಡಿಸ್ಟ್ರಿಕ್ಟ್ ಪಕ್ಕದಲ್ಲೇ ಇದೆಯಲ್ಲ, 1951ರಲ್ಲಿ ಈ ದೇಶದ ಮೊತ್ತಮೊದಲ ರಾಷ್ಟ್ರೀಯ ಉದ್ಯಾನ ಆದದ್ದು ಅದೇ ತಾನೆ?' ಎಂದು ಯಜಮಾನರು ವಾದ ಹೂಡಿದರು. ಮಳೆಯ ಮಾತು ಬಿಡಿ, ಕಾನೂನೇ ಬಿಡುವುದಿಲ್ಲವಂತೆ. ಇಂಗ್ಲೆಂಡಿನಲ್ಲಿ ಸಿವಿಲ್ ಮದುವೆಯ ಕಾನೂನು ಜಾಗಕ್ಕೆ ಅಂಟಿಕೊಂಡಿದೆ. ರಿಜಿಸ್ಟರ್ ಆಫೀಸು, ಇಲ್ಲವೇ ಲೈಸೆನ್ಸ್ ಪಡೆದ ಹೋಟೆಲು, ಬಂಗಲೆ. ಈ ಹೋಟೆಲುಗಳಿಗೆ ಅವಕಾಶ ಸಿಕ್ಕಿದ್ದೇ 1994ರ ಕಾಯ್ದೆಯಿಂದ. ಕೋವಿಡ್ ಕಾಲದಲ್ಲಿ, 2021ರ ಜುಲೈನಿಂದ, ಅಂಥ ಜಾಗಗಳ ಹೊರಗಿನ ಹುಲ್ಲುಹಾಸಿನ ಮೇಲೂ ಆಗಬಹುದು ಎಂದರು. ಆಮೇಲೆ ಅದನ್ನು ಕಾಯಂ ಮಾಡಿದರು. ಆದರೆ ಲೈಸೆನ್ಸ್ ಇಲ್ಲದ ಬೆಟ್ಟದ ಮೇಲೆ ನಿಂತು ರಿಜಿಸ್ಟ್ರಾರ್ ಮದುವೆ ಮಾಡಿಸುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಹಾಗಲ್ಲ, ಅಲ್ಲಿ ಅನುಮತಿ ಇರುವುದು ಮದುವೆ ಮಾಡಿಸುವ ವ್ಯಕ್ತಿಗೆ. ಅವರು ಬೆಟ್ಟದ ಮೇಲೆ ಬೇಕಾದರೂ ಮಾಡಿಸುತ್ತಾರೆ. ಕ್ಯಾಲಿಫೋರ್ನಿಯಾದ ರೀತಿಯೂ ಇದೇ. ನಮ್ಮ ಊರಿನಲ್ಲಿ ಮನೆ ಮುಂದೆ ಚಪ್ಪರ ಹಾಕಿದರೆ ಅದೇ ಮಂಟಪವಾಗುತ್ತಿತ್ತಲ್ಲ, ಹಾಗೆ.

ಸ್ಕಾಟ್ಲೆಂಡ್ ಸಾಲದೇ ಎಂದು ಕೇಳಿದ್ದಕ್ಕೆ ಮಗಳು, "ಅಮ್ಮ, ಅಲ್ಲಿಗೆ ಎಲ್ಲರೂ ಕೋಚ್ ಮಾಡ್ಕೊಂಡು ಬಂದ್ಬಿಡ್ತಾರೆ" ಎಂದಳು. ಅದೂ ನಿಜವೇ.

ನನಗೆ ಮರುಭೂಮಿ ಎಂದರೆ ಒಂಟೆ, ಮರಳು, ರಾಜಸ್ಥಾನದ ಕ್ಯಾಲೆಂಡರ್. ಇದು ಹಾಗಿಲ್ಲ. ಮೊಹಾವಿ ಮತ್ತು ಕೊಲರಾಡೊ ಎಂಬ ಎರಡು ಮರುಭೂಮಿಗಳು ಸೇರುವ ಜಾಗವಂತೆ. ಫೋಟೋ ನೋಡಿದರೆ ನಮ್ಮ ರಾಮನಗರದ ಬಂಡೆಗಳನ್ನು ತಂದು ರಾಶಿ ಹಾಕಿದ ಹಾಗಿದೆ. ನಡುನಡುವೆ ಕೈಯೆತ್ತಿ ನಿಂತ, ಮುಳ್ಳುಮುಳ್ಳಿನ ವಿಚಿತ್ರ ಮರ. ಅದೇ ಜೋಶುವಾ ಮರ, ಯುಕ್ಕಾ ಜಾತಿಗೆ ಸೇರಿದ್ದು. ಕಳ್ಳಿಯಂತೆ ಕಂಡರೂ ಕಳ್ಳಿಯಲ್ಲ. 1936ರಲ್ಲಿ ರಾಷ್ಟ್ರೀಯ ಸ್ಮಾರಕ ಎಂದು ಕಾಯ್ದಿಟ್ಟದ್ದು, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹುಡುಗನ ಅಪ್ಪ ಯೂ-ಟೂ ತಂಡದ ಭಕ್ತರು. 1987ರ ಅವರ ಪ್ರಸಿದ್ಧ ಆಲ್ಬಮ್ಮಿನ ಹೆಸರೇ 'ದಿ ಜೋಶುವಾ ಟ್ರೀ' ಆದ್ದರಿಂದ ಅವರಿಗೆ ಈ ಜಾಗ ಕೇಳಿಯೇ ಖುಷಿ. ಆದರೆ ಆ ಆಲ್ಬಮ್ಮಿನ ಫೋಟೋದಲ್ಲಿದ್ದ ಮರ ಈ ಉದ್ಯಾನದಲ್ಲೇ ಇರಲಿಲ್ಲವಂತೆ. ಎಷ್ಟೋ ದೂರದ ಬೇರೊಂದು ಜಾಗದಲ್ಲಿತ್ತು, ಈಗ ಬಿದ್ದುಹೋಗಿದೆ. ಮಗಳು ಇದನ್ನು ಅವರಿಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ಇಂಥ ಕಡೆ ಮದುವೆಯಾಗುವುದು ಹೇಗೆ ಎಂದು ನಿಮ್ಮ ಮನೆಯಲ್ಲೂ ಯಾರಾದರೂ ನಾಳೆ ಕೇಳಬಹುದು, ಅದಕ್ಕಾಗಿ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ಮೊದಲು ಉದ್ಯಾನದವರ ಪರ್ಮಿಟ್. ಇಬ್ಬರೇ ಹೋದರೂ ಮದುವೆ ಎಂದರೆ ಪರ್ಮಿಟ್ ಬೇಕು, ಅರ್ಜಿಯ ಜೊತೆ ಶುಲ್ಕವೂ ಉಂಟು. ಎಲ್ಲಿ ಬೇಕೆಂದರಲ್ಲಿ ನಿಲ್ಲುವಂತಿಲ್ಲ, ಅವರು ಗೊತ್ತುಮಾಡಿದ ಕೆಲವು ಜಾಗಗಳಿವೆ: ಕ್ಯಾಪ್ ರಾಕ್, ಹಿಡನ್ ವ್ಯಾಲಿ, ಇಂಡಿಯನ್ ಕೋವ್ ಮುಂತಾದುವು. ಅರ್ಜಿಯಲ್ಲಿ ಎಷ್ಟು ಜನ ಎಂದು ಬರೆಯಬೇಕು. ಆಮೇಲೆ ಮದುವೆಯ ಲೈಸೆನ್ಸ್. ಅದನ್ನು ಕೊಡುವವರು ಬೇರೆ, ಕೌಂಟಿ ಕ್ಲರ್ಕ್ ಕಚೇರಿಯವರು. ಇಬ್ಬರೂ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಹೋಗಬೇಕು. ಆ ರಾಜ್ಯದವರೇ ಆಗಿರಬೇಕೆಂದಿಲ್ಲ, ಕಾಯುವ ಅವಧಿಯೂ ಇಲ್ಲ, ತೊಂಬತ್ತು ದಿನ ಚಾಲ್ತಿಯಲ್ಲಿರುತ್ತದೆ. ಇಲ್ಲಿ ನಾವು ರಿಜಿಸ್ಟರ್ ಆಫೀಸಿಗೆ ಕೊಡುವ ಇಪ್ಪತ್ತೆಂಟು ದಿನಗಳ ನೋಟಿಸ್ ನೆನೆಸಿಕೊಂಡರೆ, ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ಊರಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಗೋಡೆಗೆ ಮೂವತ್ತು ದಿನ ಅಂಟಿಸುವ ಕಾಗದ ನೆನೆಸಿಕೊಂಡರೆ, ಇದು ತೀರ ಸಲೀಸು. ಮದುವೆ ಮಾಡಿಸಿದವರು ಹತ್ತು ದಿನದೊಳಗೆ ಸಹಿಯಾದ ಲೈಸೆನ್ಸನ್ನು ಕೌಂಟಿಗೆ ವಾಪಸ್ಸು ಮಾಡಬೇಕು. ಆಮೇಲೆ ಪ್ರಮಾಣಪತ್ರದ ನಕಲು ತರಿಸಿಕೊಳ್ಳಬಹುದು. ಅಲ್ಲಿಯ ಕಾನೂನಿನ ಪ್ರಕಾರ ಸರಿಯಾಗಿ ಆದ ಮದುವೆಯನ್ನು ಸಾಮಾನ್ಯವಾಗಿ ಬ್ರಿಟನ್ ಒಪ್ಪುತ್ತದೆ, ಇಲ್ಲಿ ಬಂದು ಮತ್ತೆ ರಿಜಿಸ್ಟರ್ ಮಾಡಿಸುವ ಗೊಡವೆ ಇಲ್ಲ. ಊರಿನ ಕಾಗದಪತ್ರಗಳಿಗೆ ಮುಂದೆ ಬೇಕಾದೀತೆಂದು ಅಪೊಸ್ಟಿಲ್ ಮುದ್ರೆ ಹಾಕಿಸಿಟ್ಟುಕೊಳ್ಳಿ ಎಂದು ಯಜಮಾನರ ಸಲಹೆ. ಅವರು ಓಸಿಐ ಅರ್ಜಿಯ ಕಷ್ಟ ಕಂಡವರು.

ಏಪ್ರಿಲ್ ಯಾಕೆಂದರೆ, ಬೇಸಿಗೆಯಲ್ಲಿ ಅಲ್ಲಿ ಮೂವತ್ತೆಂಟು ಡಿಗ್ರಿ ದಾಟುತ್ತದೆ, ಚಳಿಗಾಲದ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಉದ್ಯಾನದ ಒಳಗೆ ಬಹುಪಾಲು ಕಡೆ ಕುಡಿಯುವ ನೀರಿಲ್ಲ, ಫೋನ್ ಸಿಗ್ನಲ್ ಇಲ್ಲ. ತಲೆಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿನ ಹತ್ತಿರ ನೀರು ಹೊತ್ತುಕೊಂಡೇ ಹೋಗಬೇಕು. ಮದುವೆಗೆ ನೀರಿನ ಲೆಕ್ಕ ಹಾಕಿದ ಮೊದಲ ಹೆಣ್ಣಿನ ತಾಯಿ ನಾನೇನಲ್ಲ; ನಮ್ಮ ಕಡೆ ಬೇಸಿಗೆಯ ಮದುವೆಗೆ ಟ್ಯಾಂಕರ್ ಹೇಳುತ್ತಿದ್ದೆವು.

ನಿಯಮಗಳನ್ನು ಓದುತ್ತಾ ಓದುತ್ತಾ ಎರಡು ಕಡೆ ನಾನು ನಿಂತೆ. ಒಂದು, ಅಕ್ಕಿ, ಕಾಳು, ಹೂವಿನ ಎಸಳು ಏನನ್ನೂ ಎರಚುವಂತಿಲ್ಲ. ಪ್ರಾಣಿಪಕ್ಷಿಗಳಿಗೆ ತೊಂದರೆ, ಹೊರಗಿನ ಬೀಜ ಅಲ್ಲಿ ಬೀಳಬಾರದು. ಗಿಡಮರಗಳಿಗೆ ಏನನ್ನೂ ಕಟ್ಟುವಂತಿಲ್ಲ. ಇನ್ನೊಂದು, ಅವರು ಮಾಡಿಟ್ಟಿರುವ ಒಲೆಗುಂಡಿಗಳಲ್ಲಲ್ಲದೆ ಬೇರೆಲ್ಲೂ ಬೆಂಕಿ ಹಚ್ಚುವಂತಿಲ್ಲ. ಅಂದರೆ ಅಕ್ಷತೆಯಿಲ್ಲ, ತೋರಣವಿಲ್ಲ, ಅಗ್ನಿಯಿಲ್ಲ. ನನಗೆ ಸಿಟ್ಟು ಬರಲಿಲ್ಲ. ಅದು ಆ ಮರುಭೂಮಿಯ ಹಕ್ಕು. ಆದರೆ ನಮ್ಮಲ್ಲಿ ಮದುವೆಗೆ ಸಾಕ್ಷಿ ಯಾರು? ಅಗ್ನಿಯೇ ತಾನೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಸಪ್ತಪದಿ ಇರುವ ಕಡೆ ಅಗ್ನಿಯ ಮುಂದೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿಯಾಯಿತು ಎನ್ನುತ್ತದೆ. ಆ ಸಾಕ್ಷಿ ಇಲ್ಲವೆಂದಾದರೆ ಬೇರೆ ಯಾರು?

ಕ್ಯಾಲಿಫೋರ್ನಿಯಾದ ಸಾಮಾನ್ಯ ಲೈಸೆನ್ಸಿನಲ್ಲಿ ಒಬ್ಬ ಸಾಕ್ಷಿಯ ಸಹಿ ಬೇಕೇಬೇಕು. "ಅದಕ್ಕೇನು ಬಿಡಮ್ಮ, ಫೋಟೋಗ್ರಾಫರೇ ಹಾಕ್ತಾರಂತೆ. ಎಲ್ಲರೂ ಹಾಗೇ ಮಾಡೋದು" ಎಂದಳು ಮಗಳು, ಟೀ ಕುಡಿಯುತ್ತಾ.

ಇನ್ನೂರ ಎಂಬತ್ತು ಜನ ಇಲ್ಲದ್ದಕ್ಕೆ ನನಗೆ ಬೇಸರವಾಗಿರಲಿಲ್ಲ, ನಿಜ ಹೇಳುತ್ತೇನೆ. ನನ್ನ ಮದುವೆಯಲ್ಲಿ ಶಿವಮೊಗ್ಗದ ಛತ್ರದಲ್ಲಿ ಎಂಟುನೂರು ಜನ ಉಂಡರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಆದರೆ ನನ್ನ ಮಗಳು ಮದುವೆಯಾದಳು ಎನ್ನುವುದಕ್ಕೆ ಅವಳ ಹೆಸರನ್ನು ಆ ದಿನವೇ ಕೇಳಿ ತಿಳಿದ ಒಬ್ಬರು ಸಹಿ ಹಾಕುತ್ತಾರೆ ಎಂದಾಗ ಏನೋ ಚುಚ್ಚಿತು. ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ಒಳಗೆ ಹೋದೆ.

ಆ ರಾತ್ರಿ ಶಕುಂತಲೆ ನೆನಪಾದಳು. ಧರ್ಮಶಾಸ್ತ್ರಗಳು ಹೇಳುವ ಎಂಟು ಬಗೆಯ ವಿವಾಹಗಳಲ್ಲಿ ಗಾಂಧರ್ವವೂ ಒಂದು. ನಮ್ಮವರು ಅದನ್ನು ಹೊರಗೇನೂ ಹಾಕಿರಲಿಲ್ಲ. ಕಣ್ವರು ಆಶ್ರಮಕ್ಕೆ ಮರಳಿದ ಮೇಲೆ ಮಗಳನ್ನು ಬೈಯಲಿಲ್ಲ, ಹರಸಿಯೇ ಕಳಿಸಿದರು. ತೊಂದರೆಯಾದದ್ದು ಎಲ್ಲಿ? ದುಷ್ಯಂತನ ಆಸ್ಥಾನದಲ್ಲಿ. 'ನಾನು ಇವಳನ್ನು ಮದುವೆಯಾದದ್ದೇ ಇಲ್ಲ' ಎಂದಾಗ 'ಆಗಿದ್ದೀಯಪ್ಪ, ನಾನು ಕಣ್ಣಾರೆ ಕಂಡಿದ್ದೇನೆ' ಎನ್ನಲು ಹಿರಿಯರು ಒಬ್ಬರೂ ಇರಲಿಲ್ಲ. ಇದ್ದ ಒಂದೇ ಸಾಕ್ಷಿ ಉಂಗುರ, ಅದು ಮೀನಿನ ಹೊಟ್ಟೆ ಸೇರಿತ್ತು. ರುಕ್ಮಿಣಿ ಇವಳಿಗಿಂತ ಜಾಣೆ. ಓಡಿಹೋಗುವುದಕ್ಕೆ ಮೊದಲೇ ಬ್ರಾಹ್ಮಣನೊಬ್ಬನ ಕೈಯಲ್ಲಿ ಕೃಷ್ಣನಿಗೆ ಸಂದೇಶ ಕಳಿಸಿ, ಎಲ್ಲಿ ಯಾವಾಗ ಬರಬೇಕು ಎಂದು ಸರಿಯಾಗಿ ತಿಳಿಸಿದ್ದಳು. ಪ್ಲಾನಿಂಗ್ ಎಂದರೆ ಅದು!

ಯಜಮಾನರದು ಬೇರೆಯೇ ವಾದ. ಅವರು ತೀರ್ಥಹಳ್ಳಿಯ ಕಡೆಯವರು, ಮಾತೆತ್ತಿದರೆ ಕುವೆಂಪು. "ಸರಳ ಮದುವೆ ಅಂದರೆ ಇವರೇನೋ ಹೊಸದಾಗಿ ಕಂಡುಹಿಡಿದ ಹಾಗೆ ಆಡ್ತಾರೆ. 1966ರಲ್ಲಿ ತೇಜಸ್ವಿಯವರ ಮದುವೆ ಹೇಗಾಯ್ತು?" ಎಂದು ಶುರುಮಾಡಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಅರ್ಥ ತಿಳಿದು ಹೇಳುವ ಕೆಲವು ಮಂತ್ರಗಳು, ಗಂಡು ಹೆಣ್ಣು ಸಮಾನರಾಗಿ ಮಾಡುವ ಪ್ರತಿಜ್ಞೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಇದು. ಕುಪ್ಪಳ್ಳಿಯಲ್ಲಿ ಇಂದಿಗೂ ಹೀಗೆ ಮದುವೆಗಳು ನಡೆಯುತ್ತವೆ. ಅಗ್ನಿ ಇಲ್ಲದಿದ್ದರೂ, ಪುರೋಹಿತರಿಲ್ಲದಿದ್ದರೂ ಕನ್ನಡದ ಮದುವೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದು ಬೇಕು ಎಂದು ಅವರ ಪ್ರಶ್ನೆ.

ನಾನು ಹೇಳಿದೆ: "ಮಂತ್ರಮಾಂಗಲ್ಯದಲ್ಲಿ ಹತ್ತಿರದವರು ನಾಲ್ಕು ಜನ ಕೂತಿರ್ತಾರೆ. ಫೋಟೋಗ್ರಾಫರ್ ಒಬ್ಬರೇ ಇರಲ್ಲ."

ಅವರು ಸುಮ್ಮನಾದರು. ಬಹಳ ಹೊತ್ತಾದ ಮೇಲೆ "ಅದೂ ಸರಿ" ಎಂದರು.

ಪುಸ್ತಕ ನೀಡಿದಳೆಂದೋ ಏನೋ, ಮಗಳು ಮಾತ್ರ ಆ ಪುಟ್ಟ ಮಂತ್ರಮಾಂಗಲ್ಯದ ಹೊತ್ತಗೆಯನ್ನು ಅಪ್ಪನಿಂದ ತೆಗೆದುಕೊಂಡು ಹೋದಳು. ಕನ್ನಡ ಓದಲು ಅವಳಿಗೆ ಕಷ್ಟ. ಶನಿವಾರದ ಕನ್ನಡ ಕ್ಲಾಸು ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಈಜಿನ ಕ್ಲಾಸಿಗೆ ಸೋತಿತ್ತು. ಅಪ್ಪ ಫೋನಿನಲ್ಲಿ ಸಾಲು ಸಾಲಾಗಿ ಓದಿ ಅರ್ಥ ಹೇಳಿದರು. ಅವಳು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಹುಡುಗ ಪಕ್ಕದಲ್ಲಿ ಕೂತು ಉಚ್ಚಾರ ಕಲಿತ. ಅವನ ಯಾರ್ಕ್‌ಶೈರ್ ನಾಲಿಗೆಯಲ್ಲಿ ಸಂಸ್ಕೃತ ಕೇಳಲು ಚೆನ್ನಾಗಿಯೇ ಇದೆ. ವಿಸರ್ಗವನ್ನು ನಮಗಿಂತ ಸ್ಪಷ್ಟವಾಗಿ ಹೇಳುತ್ತಾನೆ.

ಲೈಸೆನ್ಸಿನ ವಿವರಗಳನ್ನು ನಾನು ಮತ್ತೊಮ್ಮೆ ಓದಿದೆ. ಸಾಕ್ಷಿ ಒಬ್ಬರು ಕಡ್ಡಾಯ. ಆದರೆ ಇಬ್ಬರವರೆಗೆ ಸಹಿ ಹಾಕಲು ಜಾಗವಿದೆ. ಎರಡು ಗೆರೆ. ಇಷ್ಟು ಗೊತ್ತಾದ ಮೇಲೆ ನಾನು ಮಾಡಿದ ಕೆಲಸ, ಲೀಡ್ಸಿಗೆ ಫೋನು. ಹುಡುಗನ ತಾಯಿಯನ್ನು ಅದುವರೆಗೆ ಎರಡು ಸಲ ಭೇಟಿಯಾಗಿದ್ದೆ, ಎರಡು ಸಲವೂ ಹವಾಮಾನದ ಬಗ್ಗೆ ಬಹಳ ಮಾತಾಡಿದ್ದೆವು. ಈ ಸಲವೂ ಅಲ್ಲಿಂದಲೇ ಆರಂಭವಾಯಿತು. ಐದು ನಿಮಿಷವಾದ ಮೇಲೆ ನಾನು ಆ ಎರಡು ಗೆರೆಗಳ ಸಂಗತಿ ಹೇಳಿದೆ. ಆ ಕಡೆ ಮೌನ. ಇವರಿಗೆ ಇದೆಲ್ಲ ಮಾಮೂಲು, ನನ್ನದೇ ಅತಿಯಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಮಗ ಹೇಳಿದಾಗ 'ತುಂಬಾ ಚೆನ್ನಾಗಿದೆ, ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ' ಎಂದು ನಕ್ಕು, ಆಮೇಲೆ ಕಾರಿನಲ್ಲಿ ಒಬ್ಬರೇ ಕೂತು ಅತ್ತಿದ್ದರಂತೆ. ಇಂಗ್ಲಿಷರು ಅಳುವುದಿಲ್ಲ ಎಂದು ಯಾರು ಹೇಳಿದರೋ.

ಇಬ್ಬರೂ ಸೇರಿ ಒಂದು ಅರ್ಜಿ ತಯಾರು ಮಾಡಿದೆವು. ಉದ್ಯಾನದವರಿಗಲ್ಲ, ಮಕ್ಕಳಿಗೆ. ನಾವು ನಾಲ್ವರು ಬರುತ್ತೇವೆ. ನಿಮ್ಮ ಪ್ರತಿಜ್ಞೆಯ ಹೊತ್ತಿಗೆ ಮಾತ್ರ ನಿಂತಿರುತ್ತೇವೆ. ಏನೂ ಎರಚುವುದಿಲ್ಲ, ಏನೂ ಕಟ್ಟುವುದಿಲ್ಲ, ಬಂಡೆಯಿಂದ ಬಂಡೆಗೆ ನೀವು ಫೋಟೋ ತೆಗೆಸಿಕೊಳ್ಳುವಾಗ ಹಿಂದೆ ಬರುವುದಿಲ್ಲ. ತಾಯಂದಿರಿಬ್ಬರು ಸಹಿ ಹಾಕಿ, ಅಪ್ಪಂದಿರಿಬ್ಬರು ನೀರಿನ ಕ್ಯಾನು ಹೊತ್ತು, ಆ ಮೇಲೆ ನಮ್ಮ ದಾರಿ ನಮಗೆ. ಮಗಳು ಓದಿ, "ನಾಲ್ಕು ಜನ ಬಂದ್ರೆ ಇಲೋಪ್‌ಮೆಂಟ್ ಹೇಗಮ್ಮ ಆಗತ್ತೆ?" ಎಂದಳು. "ನೋಡೋಣ" ಎಂದಳು. ನಮ್ಮ ಮನೆಯಲ್ಲಿ 'ನೋಡೋಣ' ಎಂದರೆ ಏನರ್ಥ ಎಂದು ನಾನೇ ಇಪ್ಪತ್ತೈದು ವರ್ಷ ಅವಳಿಗೆ ಕಲಿಸಿದ್ದೇನೆ, ಹಾಗಾಗಿ ಆಸೆ ಬಿಟ್ಟಿದ್ದೆ. ಎರಡು ವಾರ ಕಳೆದು ವಾಟ್ಸಾಪಿನಲ್ಲಿ ಬಂದ ಮೆಸೇಜು ಇಷ್ಟೇ: "ಅಮ್ಮ, ನಿನ್ನ ಪಾಸ್‌ಪೋರ್ಟ್ ಯಾವಾಗ ಎಕ್ಸ್‌ಪೈರ್ ಆಗತ್ತೆ? ಅಪ್ಪಂದೂ ಕಳ್ಸು."

ಉಳಿದದ್ದು ಶಿವಮೊಗ್ಗದಲ್ಲಿರುವ ನನ್ನ ಅಮ್ಮನಿಗೆ ಹೇಳುವ ಕೆಲಸ. ಎಂಬತ್ತನಾಲ್ಕು ವರ್ಷ, ಮಂಡಿನೋವು, ಬೆಂಗಳೂರಿಗೇ ಬರಲಾರರು. ವಿಡಿಯೋದಲ್ಲಾದರೂ ತೋರಿಸೋಣವೆಂದರೆ ಅಲ್ಲಿ ಸಿಗ್ನಲ್ ಇಲ್ಲ. ನಾನು ಹೆದರಿಕೊಂಡೇ ಎಲ್ಲವನ್ನೂ ವಿವರಿಸಿದೆ: ಮರುಭೂಮಿ, ಬಂಡೆ, ಅಕ್ಷತೆ ಇಲ್ಲ, ಹೋಮ ಇಲ್ಲ. ಅವರು ಕೇಳಿದ್ದು ಒಂದೇ, "ಎಷ್ಟು ಹೊತ್ತಿಗೆ?"

ಅಲ್ಲಿ ಸೂರ್ಯೋದಯದ ಹೊತ್ತು, ಬೆಳಗಿನ ಆರೂಕಾಲು. ನಮಗೆ ಫಾಲೋಫೀಲ್ಡಿನಲ್ಲಿ ಮಧ್ಯಾಹ್ನ ಎರಡೂಕಾಲು. ಶಿವಮೊಗ್ಗದಲ್ಲಿ ಸಂಜೆ ಆರೂಮುಕ್ಕಾಲು ಎಂದೆ. ಅಮ್ಮ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು.

"ಆಗ ಇಲ್ಲಿ ಸೂರ್ಯ ಮುಳುಗಿ ದನ ಮನೆಗೆ ಬರೋ ಹೊತ್ತು. ಗೋಧೂಳಿ ಲಗ್ನ. ಪಂಚಾಂಗವೇ ನೋಡ್ಬೇಕಾಗಿಲ್ಲ ಕಣೇ. ಅಕ್ಷತೆ ಅಲ್ಲಿ ಹಾಕ್ಬಾರ್ದು ಅಂದ್ರೆ ಬೇಡ ಬಿಡು, ನಾನು ಇಲ್ಲೇ ದೇವರ ಮುಂದೆ ಹಾಕ್ತೀನಿ. ಆ ಹುಡುಗನ ಹೆಸರು ಇನ್ನೊಂದ್ಸಲ ಹೇಳು, ಸರಿಯಾಗಿ ಬರ್ಕೋತೀನಿ."